ಸುಣ್ಣದ ಗೆರೆ

ಆರೇ ಜನರ ಫುಟ್ಬಾಲು ನಮ್ಮದು,
ಕಾಲಲ್ಲಿ ಒದೆಯುವುದಕ್ಕಿಂತ
ಎದೆಗವುಚಿಕೊಂಡು ಓಡುವುದೇ ಹೆಚ್ಚು.
ಹನ್ನೊಂದು ಜನರನ್ನು ನಿಲ್ಲಿಸುವಷ್ಟು
ಹುಡುಗರೆಲ್ಲಿದ್ದರು ಹಾರ್ಲನ್ ಸೈಡಿಂಗಿನಲ್ಲಿ?
ಒಂದು ಸಕ್ಕರೆ ಕಾರ್ಖಾನೆ, ಎರಡು ಚರ್ಚು,
ಒಂದರೊಡನೊಂದಕ್ಕೆ ಮಾತಿಲ್ಲ.
ನೆಬ್ರಾಸ್ಕದ ಗಾಳಿಗೆ ಅಡ್ಡ ನಿಲ್ಲಲು
ಮುಳ್ಳುತಂತಿ ಬಿಟ್ಟರೆ ಮತ್ತೇನಿಲ್ಲ.

ಯುದ್ಧ ಮುಗಿದ ಮರುವರ್ಷ.
ಒಂಬತ್ತು ಹುಡುಗರು, ಏಳು ತೊಗಲಿನ ಟೊಪ್ಪಿಗೆ,
ಅದರಲ್ಲೊಂದು ಬಿರಿದದ್ದು.
ಹೊರಬಂದವನ ತಲೆಯಿಂದ ಕಿತ್ತು
ಬೆವರು ಆರುವ ಮೊದಲೇ
ಒಳಗೋಡುವವನು ಸಿಕ್ಕಿಸಿಕೊಳ್ಳುತ್ತಿದ್ದ.

ನಾನು ಅಮಾಲಿ. ಲೆಕ್ಕದ ಪುಸ್ತಕ ನನ್ನದು.
ಹೆಣ್ಣುಮಕ್ಕಳಿಗೆ ಆಟವಿಲ್ಲ,
ಕೂಡಿ ಕಳೆಯುವುದಕ್ಕೆ ಅಡ್ಡಿಯಿಲ್ಲ.

ಟಿನ್ಸ್ಲಿ ಮೇಷ್ಟ್ರು ಸೀಟಿ ಊದುತ್ತಿರಲಿಲ್ಲ.
ಕೊರಳಲ್ಲಿ ನೇತಾಡುತ್ತಿತ್ತು, ತುಟಿಗೆ ಏರಲಿಲ್ಲ.
ಯಾವುದೋ ದ್ವೀಪದಿಂದ ಬಂದಿದ್ದರು, ಹೆಸರು ಹೇಳಲಿಲ್ಲ.
ಚಪ್ಪಾಳೆ ತಟ್ಟಿ ಹುಡುಗರನ್ನು ಕರೆಯುತ್ತಿದ್ದರು,
ಸಂಜೆ ಕೋಳಿಗಳನ್ನು ಗೂಡಿಗೆ ಕರೆದ ಹಾಗೆ.

ಮೊದಲ ಪಂದ್ಯ: ಡ್ರೈ ಕ್ರೀಕಿಗೆ ಮೂವತ್ತೆಂಟು, ನಮಗೆ ಸೊನ್ನೆ.
ಎರಡನೆಯದು ಗೆದ್ದೆವು. ಎದುರಾಳಿಗಳ ಬಸ್ಸು ಕೆಟ್ಟು
ಅರ್ಧ ತಂಡ ನಡೆದು ಬಂದಿತ್ತು.
ಅಕ್ಟೋಬರಿನ ಎರಡು ಶುಕ್ರವಾರ ಪುಟ ಖಾಲಿ,
ಬೀಟ್‌ಗೆಡ್ಡೆ ಕೀಳುವ ರಜೆ.
ಗೆಡ್ಡೆಯ ನೆತ್ತಿ ಹಾರಿಸುವ ಕೊಕ್ಕೆಗತ್ತಿ ಹಿಡಿದು
ಇಡೀ ತಂಡ ಸಾಲಿನಲ್ಲಿ ಬಗ್ಗಿತ್ತು.
ಮತ್ತೆ ಚೆಂಡು ಮುಟ್ಟಿದರೆ ಬೆರಳುಗಳು ಮಡಚಲೊಲ್ಲವು.
ಆದರೂ ಆಮೇಲೆ ಮೂರು ಗೆದ್ದೆವು.
ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ತಮ್ಮ ರೈನ್‌ಹೋಲ್ಡನದು ಹದಿನಾಲ್ಕನೆಯ ನಂಬರು,
ಅಣ್ಣ ಕಾನ್ರಾಡನ ಅಂಗಿ. ತೋಳು ಉದ್ದ.
ಅಮ್ಮ ಮಡಚಿ ಹೊಲಿದಳು, ಕತ್ತರಿಸಲಿಲ್ಲ.
ಕಾನ್ರಾಡ್ ಜರ್ಮನಿಯ ಗಡಿಯ ಕಾಡೊಂದರಲ್ಲಿದ್ದಾನೆ,
ಸರ್ಕಾರದ ಕಾಗದ ಹಾಗೆನ್ನುತ್ತದೆ.
ಜಾಗ ಹುಡುಕುತ್ತಿದ್ದೇವೆ, ಎನ್ನುವುದೂ ಅದೇ ಕಾಗದ.
ಅದನ್ನು ಮನೆಮಾತಿನ ಜರ್ಮನ್ನಿಗೆ ತಿರುಗಿಸಿ
ಅಮ್ಮ ಮತ್ತೆ ಮತ್ತೆ ಓದಿಸುತ್ತಾಳೆ,
ಒಂದು ಸಲವಾದರೂ ಬೇರೆ ಅರ್ಥ ಬರಬಹುದೆಂದು.
ಪಂದ್ಯಕ್ಕೆ ಅವಳು ಬಂದದ್ದೇ ಇಲ್ಲ.

ಕೊನೆಯದಕ್ಕೆ ಬಂದಳು.
ನವೆಂಬರು, ಪಿಯರ್ಸನ್ ತಂಡ, ಮೂರು ಗಂಟೆಗೇ ಹಿಮ.
ಶಾಲೆಯ ಜವಾನ ವೆಂಡೆಲನೂ ನಾನೂ
ಬೆಳಿಗ್ಗೆ ಎಳೆದಿದ್ದ ಸುಣ್ಣದ ಗೆರೆ
ಬಿಳಿಯೊಳಗೆ ಬಿಳಿಯಾಗಿ ಹೂತುಹೋಯಿತು.
ಅವರಿಗೆ ಹದಿಮೂರು, ನಮಗೆ ಹನ್ನೆರಡು, ಕೊನೆಯ ನಿಮಿಷ.
ತಮ್ಮ ಓಡಿದ.
ಓಡುತ್ತಲೇ ಒಂದು ತೋಳಿನ ಹೊಲಿಗೆ ಬಿಟ್ಟು
ಅಂಗಿ ಅಣ್ಣನ ಅಳತೆಗೆ ಇಳಿಯಿತು.
ಮೂವರು ಮೇಲೆ ಬಿದ್ದರು. ಎದ್ದರು.
ಚೆಂಡು ಎದೆಯಡಿಯಲ್ಲೇ ಇತ್ತು,
ಗೆರೆ ಎಲ್ಲಿ?

ರೆಫರಿ, ಉಳಿದ ದಿನಗಳಲ್ಲಿ ವಿಮೆ ಮಾರುವವನು,
ಮೊಣಕಾಲೂರಿ, ಹ್ಯಾಟು ತೆಗೆದು,
ಅದರಿಂದಲೇ ಹಿಮ ಗುಡಿಸತೊಡಗಿದ.
ಆಗ ಅಮ್ಮ ಹಗ್ಗ ದಾಟಿದಳು.
ಆಟ ಅವಳಿಗೆ ತಿಳಿಯದು.
ನೆಲದಲ್ಲಿ ಏನೋ ಹುಡುಕುತ್ತಿದ್ದಾರೆ,
ಅಷ್ಟು ತಿಳಿಯಿತು.
ಶಾಲು ಬಿಚ್ಚಿ, ಅವನ ಪಕ್ಕ ಕೂತು, ತಾನೂ ಗುಡಿಸಿದಳು.
ನಗುವವರು ನಗಲಿಲ್ಲ.
ಮೇಷ್ಟ್ರೂ ಬಂದು ಕೂತರು.
ಪಿಯರ್ಸನ್ನಿನ ಹುಡುಗನೊಬ್ಬ,
ಮೂಗಿನಲ್ಲಿ ರಕ್ತ, ಬರಿಗೈಯಲ್ಲೇ.

ಸಿಕ್ಕಿತು.
ಚೆಂಡಿನ ಮೂತಿಗಿಂತ ನಾಲ್ಕು ಬೆರಳು ಆಚೆ.

ಹದಿಮೂರು, ಹನ್ನೆರಡು, ಎಂದು ಬರೆದೆ.
ಹಿಮಕ್ಕೆ ಅಕ್ಷರ ಕದಡಿ ನೇರಳೆ ಕಲೆಯಾಯಿತು.
ಎಲ್ಲರೂ ಎದ್ದರು, ಅಮ್ಮ ಏಳಲಿಲ್ಲ.
ಗೆರೆಯ ಜಾಡು ಹಿಡಿದು ಇನ್ನೂ ಎರಡು ಮಾರು ಗುಡಿಸಿದಳು.
ಟಿನ್ಸ್ಲಿ ಮೇಷ್ಟ್ರು ಕರೆಯಲೆಂದು ಕೈಯೆತ್ತಿ,
ತಟ್ಟದೆ ಇಳಿಸಿದರು.
ರೈನ್‌ಹೋಲ್ಡ್ ಬಂದು ತನ್ನ ಟೊಪ್ಪಿಗೆ ಬಿಚ್ಚಿ
ಹಿಮ ಕೂತ ಅವಳ ತಲೆಗೆ ಹಾಕಿದ.
ಬೆಚ್ಚಗಿತ್ತು, ಎಂದಷ್ಟೇ ಆ ರಾತ್ರಿ ಅವಳು ಹೇಳಿದ್ದು.

ಸೋಮವಾರ ಸಾಮಾನು ಎಣಿಸಿದಾಗ ಒಂದು ಟೊಪ್ಪಿಗೆ ಕಡಿಮೆ ಬಂತು.
ಏಳು, ಎಂದೇ ಬರೆದೆ.