ಕೊನೆಯ ಬೆಂಚು

ಸಮ್ಮೇಳನದ ಎರಡನೇ ದಿನ, ಕುತೈಸಿಯ ಹೋಟೆಲು.
ಕೊರಳಿಗೆ ಹೆಸರಿನ ಬಿಲ್ಲೆ ತೂಗಿಕೊಂಡು
ಇನ್ನೂರು ಮಂದಿ ಮೇಷ್ಟರು, ಅಧಿಕಾರಿಗಳು.
ಪರದೆಯ ಮೇಲೆ ಪ್ರಶ್ನೆ:
‘ಕೊನೆಯ ಬೆಂಚನ್ನು ಮುಟ್ಟುವುದು ಹೇಗೆ?’

ಪಕ್ಕದ ನಾತೇಲಾ, ಸ್ವಾನೇತಿಯ ಹಿಮದಿಂದ
ಮೂರು ಬಸ್ಸು ಬದಲಿಸಿ ಬಂದವಳು,
ನನ್ನ ಕಿವಿಗೆ ಬಾಗಿ:
‘ನಮ್ಮಲ್ಲಿರುವುದೇ ಒಂದು ಬೆಂಚು.
ಮೊದಲನೆಯದೂ ಅದೇ, ಕೊನೆಯದೂ ಅದೇ.
ಈ ತುದಿಗೆ ಬೆಕಾ, ಆ ತುದಿಗೆ ತ್ಸಿಯುರಿ;
ಒಬ್ಬರೆದ್ದರೆ ಇನ್ನೊಬ್ಬರು ನೆಲಕ್ಕೆ!’
ನಕ್ಕಳು. ನಕ್ಕೆ ನಾನೂ.

ನನ್ನ ಚೀಲದಲ್ಲಿತ್ತು
ಐದಕ್ಕಿಂತ ಕಡಿಮೆ ಮಕ್ಕಳ ಶಾಲೆಗಳ ಪಟ್ಟಿ.
ಸೋಮವಾರ ಸಹಿ ಹಾಕಿದರೆ ಮುಚ್ಚಿದಂತೆ.

ಚಹಾದ ಹೊತ್ತಿಗೆ ಕೇಳಿದಳು:
‘ಇವರು ಕೊಟ್ಟ ಪೆನ್ನು ನಿಮಗೆ ಬೇಕೆ?
ನನಗೊಂದೇ ಸಿಕ್ಕಿದೆ,
ಇಬ್ಬರಿದ್ದಾರೆ.’

ಜೇಬು ತಡವಿದೆ.
ಪೆನ್ನಿತ್ತು; ಮುಚ್ಚಳ ಎಲ್ಲೋ.