ಒಂದು ರಾತ್ರಿ ಯೋಚಿಸಿದವಳು

ಕುಶಿರೊ ಬಂದರಿನ ಮಂಜು ಜೂನ್‌ನಲ್ಲೂ
ಕಚೇರಿಯ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತದೆ,
ದೂರು ತಂದು ಒಳಗೆ ಬರಲು ನಾಚುವ ಮುದುಕನ ಹಾಗೆ.
ಗ್ರಾಹಕರ ಸಲಹಾ ಕೇಂದ್ರ. ಕೆಳಗೆ ಮೀನು ಸಹಕಾರ ಸಂಘ.
ಮೇಜಿನ ಆಚೆ ಇಬ್ಬರು ಹುಡುಗಿಯರು,
ಇಬ್ಬರಿಗೂ ಹತ್ತೊಂಬತ್ತು,
ಇಬ್ಬರ ಮಡಿಲಲ್ಲೂ ಒಂದೇ ಗುಲಾಬಿ ಕಡತ.

ಮೈಕೂದಲು ತೆಗೆಯುವ ಅಂಗಡಿ. ಇಪ್ಪತ್ತನಾಲ್ಕು ಸರದಿ,
ಮೂರು ಲಕ್ಷದ ಎಂಬತ್ತು ಸಾವಿರ ಯೆನ್, ಅರವತ್ತು ಕಂತು.
ಕಂತು ತೀರುವಾಗ ಇಪ್ಪತ್ತನಾಲ್ಕು ನಿಮಗೇ ತುಂಬಿರುತ್ತದೆ ಅಂದೆ.
ನಕ್ಕರು. ಆಮೇಲೆ ನಗಲಿಲ್ಲ.

ಮಿಯೊರಿ ಸಹಿ ಹಾಕಿದ್ದು ಮಾರ್ಚ್ ಮೂವತ್ತೊಂದರ ಸಂಜೆ.
ಪೆನ್ನು ಚೆನ್ನಾಗಿತ್ತಂತೆ, ಹರಳು ಕೂರಿಸಿದ್ದು.
ಚಿಗುಸಾ ಹಾಕಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು
ಮನೆಗೆ ಹೋದಳು. ಅಕ್ಕಿ ತೊಳೆದಿಟ್ಟಳು.
ಹರಿದ ಮಾರ್ಚ್ ಹಾಳೆಯ ಬೆನ್ನಿಗೆ
ಬೇಕರಿಯ ಸಂಬಳ ಬರೆದು,
ಬಸ್ಸು ಕಳೆದು, ಫೋನು ಕಳೆದು,
ಅಜ್ಜಿಯ ಕಣ್ಣಿನ ಔಷಧಿ ಕಳೆದು,
ಉಳಿದದ್ದರ ಕೆಳಗೆ ಎರಡು ಗೆರೆ ಎಳೆದು
ಮಲಗಿದಳು.

ಆ ರಾತ್ರಿ ಹನ್ನೆರಡಕ್ಕೆ
ದೇಶದ ಹದಿನೆಂಟು ಹತ್ತೊಂಬತ್ತರ ಮಕ್ಕಳೆಲ್ಲ
ಮಲಗಿದಲ್ಲೇ ವಯಸ್ಕರಾದರು.
ಹೊಸ ಕಾಯಿದೆ. ಏಪ್ರಿಲ್ ಒಂದು.
ಯಾರ ಎಲುಬೂ ಒಂದೆಳೆ ಬೆಳೆಯಲಿಲ್ಲ.
ಮರುದಿನ ಮಧ್ಯಾಹ್ನ ಚಿಗುಸಾ ಹೋಗಿ,
ಸಣ್ಣಕ್ಷರವನ್ನೂ ಬಿಡದೆ ಓದಿ,
ಸಹಿ ಹಾಕಿದಳು.

ಮಿಯೊರಿ, ನಿನಗೆ ಎರಡು ಪೋಸ್ಟ್‌ಕಾರ್ಡ್ ಸಾಕು.
ಒಂದು ಅಂಗಡಿಗೆ, ಒಂದು ಸಾಲ ಕೊಟ್ಟವರಿಗೆ.
ವಯಸ್ಸು ಹೆಚ್ಚು ಬರೆದಿದ್ದೆಯಾ?
ಇಲ್ಲ, ಹುಟ್ಟಿದ ದಿನ ಸರಿಯಾಗೇ ಬರೆದಿದ್ದೆ.
ಅಮ್ಮನನ್ನು ಕೇಳಿದ್ದೆಯಾ?
ಇಲ್ಲ. ಈಗ ಹೇಳಬೇಕಾ?
ಬೇಡ. ಹಿಂತೆಗೆಯುವ ಹಕ್ಕು ನಿನ್ನದೇ.
ಆ ಒಪ್ಪಂದ *ಮೊದಲಿನಿಂದಲೂ ಇರಲಿಲ್ಲವೆಂದು*
*ಭಾವಿಸತಕ್ಕದ್ದು.*
ಇಪ್ಪತ್ತಾರು ವರ್ಷ ಈ ಕೆಲಸದಲ್ಲಿದ್ದೇನೆ.
ಕಾನೂನಿನ ಕಲ್ಲುಬಾಯಿಂದ ಇಷ್ಟು ಮೆತ್ತಗಿನ ಮಾತು
ಇನ್ನೊಂದು ಕೇಳಿಲ್ಲ.

ಚಿಗುಸಾ ಬೆರಳು ಎತ್ತಿದಳು, ತರಗತಿಯಲ್ಲಿ ಎತ್ತುವ ಹಾಗೆ.
ಹಾಗಾದರೆ ನಾನು ಯೋಚಿಸಿದ್ದು ತಪ್ಪೇ?

ಹೇಳಬೇಕಾದದ್ದೆಲ್ಲ ಹೇಳಿದೆ:
ಎಂಟು ದಿನದ ಗಡುವು ದಾಟಿದೆ;
ಆದರೂ ನಡುವೆ ನಿಲ್ಲಿಸಬಹುದು;
ಆದ ಸರದಿಗೆ ದುಡ್ಡು, ಮೇಲೆ ಸ್ವಲ್ಪ ದಂಡ,
ದಂಡಕ್ಕೆ ಮಿತಿ ಇದೆ.
ನಿಲ್ಲಿಸಬಹುದು. ಇರಲಿಲ್ಲ ಅನ್ನಲಾಗದು.
ಅವಳು ಕೇಳಿದ್ದು ಇದಲ್ಲ.

ನನಗೂ ಹತ್ತೊಂಬತ್ತಿತ್ತು.
ಆಗಿನ ಕಾಯಿದೆಗೆ ಒಂದು ಹಿತ್ತಿಲ ಬಾಗಿಲು:
ಮದುವೆಯಾದವಳು, ಎಷ್ಟೇ ಚಿಕ್ಕವಳಿರಲಿ, ವಯಸ್ಕಳು.
ಅಪ್ಪ ಕಾಗದಕ್ಕೆ ಮೊಹರು ಒತ್ತಿದ,
ನಾನು ಎರಡನೇ ಸಲ ದೊಡ್ಡವಳಾದೆ.
ಮೂರನೇ ವಾರ ಹೊಲಿಗೆಯಂತ್ರದವನು ಬಂದ.
ಛತ್ರಿ ಮಡಿಸಿ ಹೊಸ್ತಿಲಲ್ಲೇ ಕೂತ,
ಅಮ್ಮಾವರೇ ಎಂದ. ಯಾರನ್ನು ಎಂದು ಹಿಂದೆ ನೋಡಿದೆ.
ಮೂವತ್ತಾರು ಕಂತು. ಗಂಡ ಹಡಗಿನಲ್ಲಿದ್ದ.
ಆಗ ಒಂದು ಕಚೇರಿಗೆ ಹೋಗಿದ್ದೆ, ಇಂಥದ್ದೇ.
ಕನ್ನಡಕದ ಗಂಡಸು ಕುಟುಂಬಪತ್ರ ತಿರುವಿ ನೋಡಿ,
*ಮದುವೆಯಾಗಿದೆಯಲ್ಲ* ಅಂದ.
ಅಷ್ಟೇ.

ಆ ಯಂತ್ರ ಈಗಲೂ ಓಡುತ್ತದೆ. ಗಂಡ ಇಲ್ಲ.
ಇದನ್ನು ಹುಡುಗಿಯರಿಗೆ ಹೇಳಲಿಲ್ಲ.
ಅವಳ ಪ್ರಶ್ನೆಗೆ ಇಷ್ಟೇ ಅಂದೆ:
ತಪ್ಪಲ್ಲ. ಯೋಚಿಸಿದ್ದು ತಪ್ಪಲ್ಲ.
ಅದಕ್ಕೆ ಕಲಮು ತೋರಿಸು ಅಂದಿದ್ದರೆ
ನನ್ನಲ್ಲಿ ಇರಲಿಲ್ಲ.

ಮಿಯೊರಿ ದೊಡ್ಡ ದುಂಡಕ್ಷರದಲ್ಲಿ ಬರೆಯತೊಡಗಿದಳು,
ನಾಲಿಗೆ ತುಟಿಯ ಮೂಲೆಯಲ್ಲಿ.
ಒಪ್ಪಂದದ ತಾರೀಕು ತಪ್ಪಿತು. ಏಪ್ರಿಲ್ ಅಂತ ಬರೆದಳು.
ಹಿಡಿದದ್ದು ಚಿಗುಸಾ.
ಮಾರ್ಚ್ ಕಣೇ, ಮಾರ್ಚ್, ಎಂದು
ಹೊಸ ಕಾರ್ಡು ಮುಂದೆ ಸರಿಸಿದಳು.

ಆಮೇಲೆ ತಾನೇ ಎದ್ದು ಹೋಗಿ
ಕಾರ್ಡುಗಳ ಎರಡೂ ಮಗ್ಗುಲು ನಕಲು ತೆಗೆದಳು,
ಗೆಳತಿ ಇಟ್ಟುಕೊಳ್ಳಲಿ ಎಂದು.
ನಾಲ್ಕು ಹಾಳೆ. ನಲವತ್ತು ಯೆನ್.
ಚಿಲ್ಲರೆ ಎರಡು ಸಲ ಎಣಿಸಿ ಕೊಟ್ಟು,
ರಸೀದಿ ಕೇಳಿದಳು.

ಬರೆದು ಕೊಟ್ಟೆ.