ಇಪ್ಪತ್ತೆರಡು ನಿಮಿಷ

ಹುಡುಗ ಲ್ಯಾಪ್‌ಟಾಪು ತೆರೆದು ಕೂತದ್ದು ಏಳನೇ ಟೇಬಲಿನಲ್ಲಿ,
ಫ್ಯಾನಿನ ಗಾಳಿ ಬೀಳದ ಜಾಗ, ಬೇರೆ ಖಾಲಿ ಇರಲಿಲ್ಲ.
ತನ್ಮಯ ಬಾಪಟ. ಪ್ರಾಯ ನಮ್ಮ ಗ್ರೈಂಡರಿನಷ್ಟು.
"ಆಂಟೀ, ನೂರಾ ಅರವತ್ತನಾಲ್ಕು ಐಟಮು!
ಫೋನಿನಲ್ಲಿ ಇಷ್ಟು ಕೆಳಗೆ ಯಾರೂ ಇಳಿಯುವುದಿಲ್ಲ.
ಹೆಬ್ಬೆರಳು ಮೂರು ಸಲ ಜಾರಿತೋ
ಹಸಿವು ಪಕ್ಕದ ಅಂಗಡಿಗೆ ಹೋಯಿತು."

ಮಾವ ಒಂದೊಂದೇ ಸೇರಿಸಿದ್ದು,
ಘಾಟ್ಕೋಪರ ಬೆಳೆದ ಹಾಗೆ.
ಎದುರು ಬಿಲ್ಡಿಂಗಿಗೆ ಜೈನರು ಬಂದ ವರ್ಷ
ಬಟಾಟೆ ಹೋಗಿ ಬಾಳೆಕಾಯಿ ಕೂತ ಮಸಾಲೆದೋಸೆ.
ಕಾಲೇಜು ತೆರೆದಾಗ ಎಲ್ಲದರ ಮೇಲೂ ಚೀಸು.
ಮೂರೇ ತಿಂಗಳು ಇದ್ದು ಹೇಳದೆ ಹೋದ
ಒಬ್ಬ ಬಾಣಸಿಗನ ಗುರುತಿಗೆ
ಅಮೆರಿಕನ್ ಚಾಪ್‌ಸೂಯಿ:
ಮಾಡಲು ಯಾರಿಗೂ ಬಾರದು,
ಕೇಳಿದವರಿಲ್ಲ,
ಅಳಿಸಿದವರೂ ಇಲ್ಲ.

ಹುಡುಗ ಫೋಟೋ ಹೊಡೆದ.
ವಡೆ ಮದುಮಗನಂತೆ ಹೊಳೆಯಿತು.
ಉಪ್ಪಿಟ್ಟಿಗೆ ಯಾವ ಕಡೆಯಿಂದ ನೋಡಿದರೂ ಮುಖವೇ ಇಲ್ಲ.
"ದೋಸೆಯ ಕೆಳಗೆ ಗರಿಗರಿ ಅಂತ ಬರೆಯಲೇ?"
ಒಳಗಿಂದ ಬೂಬಣ್ಣ ಸಟ್ಟುಗ ಕುಟ್ಟಿದ:
"ಬರಿ ಮಾರಾಯ!
ನನ್ನ ದೋಸೆ ಮುರಿದರೆ ಸ್ಟೇಷನ್ನಿಗೆ ಕೇಳ್ತದೆ."

ಸೋಮವಾರ ನನಗೆ ರಜೆ.
ವಿಕ್ರೋಳಿಯ ಮನೆಯಲ್ಲಿ ಕೂತು
ತಂಗಿ ಮಗಳ ಫೋನು, ತಂಗಿ ಮಗಳ ಹೆಸರು,
ನನ್ನದೇ ಹೋಟೆಲಿಗೆ ಆರ್ಡರು ಹಾಕಿದೆ.
ನಕ್ಷೆಯ ಮೇಲೆ ಪುಟ್ಟ ಸ್ಕೂಟರು ಹೊರಟಿತು,
ಸಿಗ್ನಲಿನಲ್ಲಿ ನಿಂತಿತು, ಏನೋ ಮರೆತಂತೆ ಹಿಂದೆ ಹೋಯಿತು,
ರಸ್ತೆಗುಂಡಿಯಲ್ಲಿ ಬಿದ್ದಂತೆ ಮಾಯವಾಯಿತು,
ಎದ್ದು ಬಂತು.
ಇಪ್ಪತ್ತೆರಡು ನಿಮಿಷ.

ಮುಚ್ಚಳದ ಒಳಗೆಲ್ಲ ಬೆವರು.
ಕೆಳಗೆ, ಮಿಂದು ಬಂದು
ಹಿಂಡದೆ ಬಿಸಾಡಿದ ಬೈರಾಸಿನ ಹಾಗೆ
ನಮ್ಮ ದೋಸೆ.
ಚಟ್ನಿ ಸಾಂಬಾರಿನ ಮನೆಗೆ ಹೋಗಿ ಕೂತಿತ್ತು.
ತಿಂದೆ. ಪೂರ್ತಿ ತಿಂದೆ, ಕಾಸು ಕೊಟ್ಟಿದ್ದೆನಲ್ಲ.
ಇಪ್ಪತ್ತೊಂಬತ್ತು ವರ್ಷ ಗಲ್ಲಾದ ಈಚೆ ಕೂತವಳು
ಅವತ್ತು ಆಚೆ ಕೂತೆ.
ಎಷ್ಟು ನಕ್ಷತ್ರ, ಫೋನು ಕೇಳಿತು.
ಕೈ ನಡುಗಿತು. ಎರಡು ಒತ್ತಿದೆ.

ಮಂಗಳವಾರ ಬೂಬಣ್ಣನ ಕಣ್ಣು ಒಲೆಗಿಂತ ಕೆಂಪು.
"ಯಾರದು ವಾರಿಜಕ್ಕ, ಆ ನಾಲಗೆ ಸತ್ತವಳು?"
ನಾನು ಚಿಲ್ಲರೆ ಎಣಿಸುತ್ತಿದ್ದೆ.
ಎಣಿಸಿದ್ದನ್ನೇ ಮತ್ತೆ ಎಣಿಸಿದೆ.

ಆಮೇಲೆ ಒಂದು ಕಾನೂನು ಮಾಡಿದೆವು:
ಡಬ್ಬಿ ಕಟ್ಟು, ಗಡಿಯಾರದ ಕೆಳಗೆ ಇಡು,
ಇಪ್ಪತ್ತೆರಡು ನಿಮಿಷ ಯಾರೂ ಮುಟ್ಟುವ ಹಾಗಿಲ್ಲ.
ಇಡ್ಲಿ ಸಂನ್ಯಾಸಿ, ಎಲ್ಲಿಟ್ಟರೂ ಅದೇ ಮುಖ.
ಬನ್ಸ್ ಪಾಸು.
ಗೋಳಿಬಜೆ ಮುನಿಸಿಕೊಂಡು ಮೆತ್ತಗಾಯಿತು.
ನೀರುದೋಸೆಯ ಮಡಿಕೆಗೊಂದು ಬಾಳೆಎಲೆ ಚೂರು ಇಟ್ಟರೆ
ಒಂದಕ್ಕೊಂದು ಅಂಟದೆ ಬದುಕಿತು.
ವಡೆ, ಸಾಂಬಾರು ಬೇರೆ ಬೇರೆ ಸಂಸಾರ.

ಕೊನೆಗೆ ಪೇಪರ್ ದೋಸೆ.
ಬೂಬಣ್ಣ ಮುಚ್ಚಳ ತೆಗೆದ. ತುದಿ ಎತ್ತಿದ,
ಅದು ಬಗ್ಗಿ ಅವನ ಮಣಿಕಟ್ಟಿಗೆ ಒರಗಿತು.
ಒಂದು ತುಂಡು ಬಾಯಿಗೆ ಹಾಕಿ
ತುಂಬ ಹೊತ್ತು ಅಗಿದ.
"ಎರಡು ಕೊಟ್ಟವಳು ಮರ್ಯಾದಸ್ಥೆ," ಅಂದ,
"ನಾನಾದರೆ ಒಂದು."
ಎದ್ದು, ಕಬ್ಬಿಣದ ಕಡ್ಡಿ ಕಾಯಿಸಿ,
ಉಳಿದ ಮುಚ್ಚಳಗಳಿಗೆಲ್ಲ
ಎರಡೆರಡು ತೂತು ಕೊರೆಯುತ್ತ ಕೂತ.

ಈಗ ಫೋನಿನಲ್ಲಿ ಮೂವತ್ತೆಂಟು.
ಗರಿಗರಿ ಅನ್ನುವ ಮಾತು ಎಲ್ಲೂ ಇಲ್ಲ.
ಪೇಪರ್ ದೋಸೆಯ ಹೆಸರಿನ ಎದುರು ಒಂದೇ ಸಾಲು,
ಬೂಬಣ್ಣ ಹೇಳಿ ಬರೆಸಿದ್ದು:
ಇದಕ್ಕೆ ನೀವೇ ಬರಬೇಕು.
ಬಾಪಟ ತಲೆ ಕೆರೆದುಕೊಂಡು, ಇರಲಿ ಎಂದ.

ಗೋಡೆಯ ಬೋರ್ಡನ್ನು ಮುಟ್ಟಲಿಲ್ಲ.
ನಿನ್ನೆ ಮಧ್ಯಾಹ್ನ ಯಾರೋ ಒಬ್ಬ
ಕನ್ನಡಕ ಒರೆಸಿಕೊಂಡು ಮೇಲಿಂದ ಕೆಳಗೆ ಓದಿ
ಅಮೆರಿಕನ್ ಚಾಪ್‌ಸೂಯಿ ಕೇಳಿದ.
ನಾನು ಬಾಯಿ ತೆರೆಯುವ ಮೊದಲೇ
ಬೂಬಣ್ಣ ಕಿಂಡಿಯಿಂದ ಇಣುಕಿದ:
"ಕೂತ್ಕೊಳ್ಳಿ ಸಾರ್,
ಇಪ್ಪತ್ತೆರಡು ನಿಮಿಷ ಆಗ್ತದೆ."